ಗರ್ಭಿಣಿಯ ಮೊದಲ ಮೂರು ತಿಂಗಳು

ಮೂತ್ರಪರೀಕ್ಷೆಯಲ್ಲಿ ಎರಡು ಗೆರೆ ಕಂಡೊಡನೆ ಮನೆಯಲ್ಲಿ ಹರ್ಷವುಂಟಾಗುವುದು ಸಹಜ. ಆದರೆ ‘ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬೇಡ’ ಎಂಬ ಊರ ಹಿರಿಯರ ಮಾತನ್ನು ಕಾಮೋಠೆಗೆ ಬಂದು ನೆಲೆಸಿದ ಮೇಲೂ ಪಾಲಿಸುವವರುಂಟು. ನೆರೆಹೊರೆಗೆ ಹೇಳದಿದ್ದರೆ ಬಾಧಕವಿಲ್ಲ. ವೈದ್ಯರಿಂದ ಮಾತ್ರ ಮುಚ್ಚಿಡಲಾಗದು.

ಶಿಶುವಿನ ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ನಾಳವು ಗರ್ಭಧಾರಣೆಯಾದ ಸುಮಾರು ನಾಲ್ಕು ವಾರಗಳಲ್ಲಿಯೇ ಮುಚ್ಚಿಕೊಳ್ಳುತ್ತದೆ. ಅದರ ದೋಷಗಳನ್ನು ತಡೆಯಲು ಫೋಲಿಕ್ ಆಮ್ಲ ನೆರವಾಗುತ್ತದೆ. ದಿನಕ್ಕೆ 400 ಮೈಕ್ರೋಗ್ರಾಂನಂತೆ ಇದನ್ನು ಗರ್ಭಧಾರಣೆಗೆ ಮೊದಲೇ ಆರಂಭಿಸುವುದು ಉತ್ತಮ. ಆರಂಭಿಸದವರು ತಡಮಾಡದೆ ವೈದ್ಯರನ್ನು ಕೇಳಿ, 12 ವಾರ ತುಂಬುವವರೆಗೆ ಸೇವಿಸಬೇಕು. ಸಕ್ಕರೆ ಕಾಯಿಲೆ, ಮೂರ್ಛೆರೋಗಗಳಿದ್ದವರಿಗೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅಂಥವರು ತಾವು ನುಂಗುತ್ತಿರುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಮೊದಲ ಭೇಟಿಯಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್, ಸಕ್ಕರೆ, ರಕ್ತದ ಗುಂಪು ಇವುಗಳ ಪರೀಕ್ಷೆ ಅವಶ್ಯ. ಗುಂಪು ‘ನೆಗೆಟಿವ್’ ಇದ್ದರೆ ಪತಿಯ ರಕ್ತವನ್ನೂ ಪರೀಕ್ಷಿಸಬೇಕಾಗುತ್ತದೆ.

ವಾಕರಿಕೆಯಿದ್ದರೆ ಸ್ವಲ್ಪಸ್ವಲ್ಪವಾಗಿ, ಪದೇ ಪದೇ ಉಣ್ಣಿರಿ. ಮಾನಸರೋವರ ನಿಲ್ದಾಣದಿಂದ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು ಬರಿಹೊಟ್ಟೆಯಲ್ಲಿ ಹೊರಡಬಾರದು. ಚೀಲದಲ್ಲಿ ಖಡಕ್ ರೊಟ್ಟಿ, ಚುರುಮುರಿ, ನೀರು ಇರಲಿ. ಪತಿಯು ಮನೆಯೊಳಗೆ ಬೀಡಿ, ಸಿಗರೇಟು ಸೇದಕೂಡದು.

ರಕ್ತಸ್ರಾವ, ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತಿ ಬೀಳುವುದು, ನೀರೂ ನಿಲ್ಲದಷ್ಟು ವಾಂತಿ — ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಿರಿ. ಗರ್ಭವು ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ನಿಂತಿದ್ದರೆ ತಡವು ತಾಯಿಯ ಪ್ರಾಣಕ್ಕೇ ಎರವಾದೀತು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿ. ಇಲ್ಲಿನ ತಪಾಸಣೆಯ ಕಾರ್ಡು, ರಕ್ತದ ವರದಿಗಳನ್ನು ಮರೆಯದೆ ಒಯ್ಯಿರಿ. ಅಲ್ಲಿಯ ವೈದ್ಯರಿಗೆ ಈ ಮೂರು ತಿಂಗಳ ಕಥೆಯನ್ನು ಹೇಳುವುದು ಆ ಕಾಗದಗಳೇ.