ಸಗಣಿ ಸಾಲದಿದ್ದರೆ ಮುಸುರೆ: ಗೊಬ್ಬರ ಅನಿಲಕ್ಕೆ ಇನ್ನೊಂದು ಮೇವು



ಹೊಸಪೇಟೆ, ಕಂಪ್ಲಿ ಕಡೆ ನಿಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಸ್ಥಾವರ ಸುಮ್ಮನೆ ಬಿದ್ದಿದೆಯೇ? ಟ್ರ್ಯಾಕ್ಟರು ಬಂದ ಮನೆಯಲ್ಲಿ ಎತ್ತು ಕಡಿಮೆಯಾದವು, ಸಗಣಿಯೂ ಕಡಿಮೆಯಾಯಿತು. 2 ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಈ ತೊಂದರೆ ಹೊಸದೇನಲ್ಲ. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಕಟ್ಟಿದ ಸಾಮೂಹಿಕ ಸ್ಥಾವರಕ್ಕೆ ಊರಿನ ಸಗಣಿ ಅಡುಗೆಯ ಮಟ್ಟಿಗೆ ಸಾಲಲಿಲ್ಲ. 1987ರಿಂದ ಆ ಅನಿಲವನ್ನು ನೀರೆತ್ತಲು, ದೀಪ ಉರಿಸಲು ಬಳಸಿದರು.

ಇತ್ತ ಹೊಸಪೇಟೆ, ಸಂಡೂರಿನ ವಿದ್ಯಾರ್ಥಿನಿಲಯಗಳಲ್ಲಿ, ಹಂಪಿಯ ಖಾನಾವಳಿಗಳಲ್ಲಿ ಉಳಿದ ಅನ್ನ, ಸಾರು, ತರಕಾರಿ ಸಿಪ್ಪೆಯನ್ನು ಚೆಲ್ಲುವುದನ್ನು ನೀವೇ ನೋಡಿದ್ದೀರಿ. 1 ಕಿಲೋ ಸಗಣಿ ಸುಮಾರು 40 ಲೀಟರ್ ಅನಿಲ ಕೊಟ್ಟರೆ, 1 ಕಿಲೋ ಮುಸುರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಕೊಡಬಲ್ಲದು. ಹಸು ಮೇವಿನ ಸಾರವನ್ನು ಮೊದಲೇ ಹೀರಿಕೊಂಡಿರುತ್ತದೆ. ಅನ್ನದಲ್ಲಿ ಸಾರ ಹಾಗೆಯೇ ಇರುತ್ತದೆ. (ಎಮ್ಮೆ ತಿನ್ನುವಂಥ ಒಳ್ಳೆಯ ಮುಸುರೆಯನ್ನು ಮಾತ್ರ ಎಮ್ಮೆಗೇ ಇಡಿ.)

ಆದರೆ ಅತಿಯಾಸೆ ಬೇಡ. ನಾನು ಸಲಹೆ ಕೊಟ್ಟ ಒಂದು ವಿದ್ಯಾರ್ಥಿನಿಲಯದಲ್ಲಿ ಹಬ್ಬದ ಮರುದಿನ ಉಳಿದ ಅನ್ನವನ್ನೆಲ್ಲ ಒಮ್ಮೆಗೇ ಸುರಿದರು. ಬೇಡವೆಂದು ಮೊದಲೇ ಹೇಳದೆ ಹೋದದ್ದು ನನ್ನ ತಪ್ಪು. ಮೂರೇ ದಿನದಲ್ಲಿ ಬಗ್ಗಡ ಹುಳಿ ನಾತ ಹೊಡೆಯಿತು. ಅನಿಲವೇನೋ ಬಂತು, ಒಲೆ ಹತ್ತಲಿಲ್ಲ. ಗುಂಡಿಯಲ್ಲಿ ಎರಡು ಬಗೆಯ ಸೂಕ್ಷ್ಮಜೀವಿಗಳಿವೆ. ಒಂದು ಬಗೆಯವು ಅನ್ನವನ್ನು ಬೇಗನೆ ಆಮ್ಲ ಮಾಡುತ್ತವೆ. ಇನ್ನೊಂದು ಬಗೆಯವು ಅದರಿಂದ ಉರಿಯುವ ಮೀಥೇನ್ ಮಾಡುತ್ತವೆ. ಎರಡನೆಯವು ನಿಧಾನ. ಆಮ್ಲ ಮಿತಿಮೀರಿದರೆ ಅವು ಕೆಲಸ ನಿಲ್ಲಿಸುತ್ತವೆ.

ಆದ್ದರಿಂದ ಮೊದಲು ಸಗಣಿ ಬಗ್ಗಡದಿಂದಲೇ ಗುಂಡಿ ತುಂಬಿ, ನೀಲಿ ಜ್ವಾಲೆ ಬಂದ ಮೇಲೆ ದಿನಕ್ಕೆ 1 ಕಿಲೋ ಮುಸುರೆಯಿಂದ ಆರಂಭಿಸಿ. ಚೆನ್ನಾಗಿ ಹಿಸುಕಿ, ಅಷ್ಟೇ ನೀರು ಬೆರೆಸಿ ಹಾಕಿ. ವಾರಕ್ಕೆ 1 ಕಿಲೋದಂತೆ ಏರಿಸುತ್ತ 10 ಕಿಲೋಗೆ ನಿಲ್ಲಿಸಿ. ಸಿಕ್ಕಷ್ಟು ಸಗಣಿಯನ್ನೂ ಸೇರಿಸುತ್ತಿರಿ. ನಿಂಬೆ ಸಿಪ್ಪೆ, ಮೂಳೆ, ಸಾಬೂನು ನೀರು ಬೇಡ. ಬಾಳೆ ದಿಂಡಿನ ನಾರು ಮೇಲೆ ತೇಲಿ ಪದರ ಕಟ್ಟುತ್ತದೆ, ಅದೂ ಬೇಡ. ನೀಲಿ ಲಿಟ್ಮಸ್ ಕಾಗದ ಬಗ್ಗಡದಲ್ಲಿ ಕೆಂಪಾದರೆ ಕೂಡಲೇ ಮುಸುರೆ ನಿಲ್ಲಿಸಿ, ಹುಳಿ ನಾತ ಹೋಗುವವರೆಗೆ ಸಗಣಿ ನೀರು ಮಾತ್ರ ಹಾಕಿ.

1 ಘನ ಮೀಟರ್ ಅನಿಲ ಸುಮಾರು ಅರ್ಧ ಕಿಲೋ ಅಡುಗೆ ಅನಿಲಕ್ಕೆ ಸಮ. ಹೊರಬಂದ ಬಗ್ಗಡವನ್ನು ನೀರಿನೊಡನೆ ಬಾಳೆ, ಕಬ್ಬಿನ ಸಾಲಿಗೆ ಬಿಡಿ.