ಹೊಸ ಬ್ಯಾಟರಿ ತರುವ ಮುಂಚೆ ವಯರಿನ ತುದಿ ಕತ್ತರಿಸಿ ನೋಡಿ

ಮಳೆಗಾಲದ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ. ಅದು ಮುಗಿದು ಬೋಟು ಇಳಿಸುವ ಹೊತ್ತಿಗೆ ಬಂದರಿನ ಬ್ಯಾಟರಿ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ‘ಸೆಲ್ಫ್ ಎಳೀತಿಲ್ಲ, ಬ್ಯಾಟರಿ ಹೋಯ್ತು’ ಎನ್ನುತ್ತ ಸಾವಿರಾರು ರೂಪಾಯಿ ಎಣಿಸಿ ಕೊಟ್ಟು ಹೋಗುತ್ತಾರೆ. ಮಲ್ಪೆ, ಗಂಗೊಳ್ಳಿ ಕಡೆ ಬೋಟುಗಳ ವಯರಿಂಗ್ ಮಾಡಿಕೊಂಡು ಬಂದವನಾಗಿ ಹೇಳುತ್ತೇನೆ, ಹಾಗೆ ಎಸೆದವುಗಳಲ್ಲಿ ಒಳ್ಳೆಯ ಬ್ಯಾಟರಿಗಳೂ ಇರುತ್ತವೆ.

ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಕೆಳಗಿನ ಲೆಕ್ಕ 12 ವೋಲ್ಟಿನ ಬ್ಯಾಟರಿಗೆ. 24 ವೋಲ್ಟ್ ಬೋಟಿನವರು ಚಾರ್ಜಿಂಗ್ ಅಂಕಿಗಳನ್ನು ಇಮ್ಮಡಿ ಮಾಡಿಕೊಳ್ಳಿ.

ಮೊದಲು ಬ್ಯಾಟರಿ. ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ವಯರ್ ಬಿಚ್ಚಿ ಒಂದು ರಾತ್ರಿ ಸುಮ್ಮನೆ ಬಿಡಿ. ಬೆಳಿಗ್ಗೆ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ ಎಂದರ್ಥ. 12.2 ಎಂದರೆ ಅರ್ಧ, 11.8 ಎಂದರೆ ಬರಿದು. ತುಂಬಿಸಿಟ್ಟದ್ದು ಒಂದೇ ರಾತ್ರಿಯಲ್ಲಿ ಹಾಗೆ ಇಳಿದಿದ್ದರೆ ಮಾತ್ರ ತಪ್ಪು ಬ್ಯಾಟರಿಯದು. ಹೈಡ್ರೋಮೀಟರ್ ಇದ್ದರೆ ಆರೂ ಸೆಲ್ ನೋಡಿ. ಐದು ಸೆಲ್ 1.250 ತೋರಿಸಿ ಒಂದು 1.180ರಲ್ಲಿ ನಿಂತಿದ್ದರೆ ಆ ಸೆಲ್ ಸತ್ತಿದೆ, ಅದಕ್ಕೆ ಮದ್ದಿಲ್ಲ.

ಬ್ಯಾಟರಿ ಸರಿಯಿದ್ದರೆ ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಮೇಲೆ ಮೀಟರ್ ಹಿಡಿಯಿರಿ. 13.8ರಿಂದ 14.4ರೊಳಗೆ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ನೀರು ಕುದಿದು ಬತ್ತುತ್ತದೆ. ಏರಲೇ ಇಲ್ಲವಾದರೆ ಎಂಜಿನ್ ನಿಲ್ಲಿಸಿ ಬೆಲ್ಟ್ ಒತ್ತಿ ನೋಡಿ. ಹೆಬ್ಬೆರಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ಹೆಚ್ಚು ಬಗ್ಗಬಾರದು. ಪುಲ್ಲಿಯ ಸುತ್ತ ಕರಿ ಪುಡಿ ಬಿದ್ದಿದ್ದರೆ ಬೆಲ್ಟ್ ಜಾರುತ್ತಿದೆ. ಕೀ ತಿರುಗಿಸಿದಾಗ ಚಾರ್ಜಿಂಗ್ ಲೈಟ್ ಉರಿಯದಿದ್ದರೆ ಮೊದಲು ಆ ಬಲ್ಬ್ ಬದಲಿಸಿ. ಎಷ್ಟೋ ಎಂಜಿನ್‌ಗಳಲ್ಲಿ ಅದರ ಮೂಲಕ ಕರೆಂಟ್ ಹೋಗದೆ ಡೈನಮೋ ಎಚ್ಚರಗೊಳ್ಳುವುದೇ ಇಲ್ಲ.

ಇಷ್ಟನ್ನು ಎಲ್ಲ ಮೆಕ್ಯಾನಿಕ್‌ಗಳೂ ನೋಡುತ್ತಾರೆ. ಅವರು ನೋಡದೆ ಬಿಡುವುದು ಡೈನಮೋದಿಂದ ಬ್ಯಾಟರಿವರೆಗಿನ ದಾರಿಯನ್ನು.

ಎರಡು ವರ್ಷದಲ್ಲಿ ಮೂರನೇ ಬ್ಯಾಟರಿ ಹಾಕಿದ್ದ ಬೋಟೊಂದಕ್ಕೆ ಕರೆದಿದ್ದರು. ‘ಹೊಸತು ಹಾಕಿ ನಾಲ್ಕು ತಿಂಗಳಾಗಿಲ್ಲ ಮಾರಾಯ್ರೆ, ಕಂಪನಿ ಮಾಲೇ ಸರಿ ಇಲ್ಲ’ ಎಂದರು ಯಜಮಾನರು. ಡೈನಮೋದಲ್ಲಿ 14.2, ಬ್ಯಾಟರಿಯಲ್ಲಿ 13.1. ನಡುವಿನ ಒಂದು ವೋಲ್ಟಿಗಿಂತ ಹೆಚ್ಚು ಎಲ್ಲಿ ಹೋಯಿತು? ಪ್ಲಸ್ ವಯರಿನ ಲಗ್ ಮೇಲೆ ಕರಿ ಟೇಪು ದಪ್ಪಗೆ ಸುತ್ತಿತ್ತು, ಹೊರಗಿನಿಂದ ನೋಡಲು ಅಚ್ಚುಕಟ್ಟು. ಬಿಚ್ಚಿ ಸ್ವಲ್ಪ ತಿರುಚಿದೆ, ಲಗ್ ಕೈಗೇ ಬಂತು. ಒಳಗೆ ತಾಮ್ರದ ಎಳೆಗಳ ಬದಲು ಹಸಿರು ಪುಡಿ.

ನೀವೇ ಪರೀಕ್ಷಿಸಬಹುದು. ಎಂಜಿನ್ ಓಡುತ್ತಿರಲಿ, ಲೈಟ್, ವಯರ್‌ಲೆಸ್, ಫಿಶ್ ಫೈಂಡರ್ ಎಲ್ಲ ಹಾಕಿ. ಮೀಟರಿನ ಕೆಂಪು ಕಡ್ಡಿ ಡೈನಮೋದ ದಪ್ಪ ವಯರಿನ ಬೋಲ್ಟಿಗೆ, ಕರಿ ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ. ಕಂಬಕ್ಕೇ ಹಿಡಿಯಬೇಕು, ಲಗ್ಗಿಗಲ್ಲ. ಲಗ್ಗಿಗೆ ಹಿಡಿದರೆ ಕಳ್ಳನನ್ನು ಲೆಕ್ಕದಿಂದ ಬಿಟ್ಟಂತೆ. 0.3 ವೋಲ್ಟ್ ಮೀರಿದರೆ ಆ ದಾರಿಯಲ್ಲಿ ಕೊಳೆತ ಜಾಯಿಂಟ್ ಇದೆ. ಹಾಗೆಯೇ ಡೈನಮೋದ ಬಾಡಿಗೂ ಮೈನಸ್ ಕಂಬಕ್ಕೂ ಹಿಡಿದು ನೋಡಿ, 0.2 ದಾಟಬಾರದು. ಮರದ, ಫೈಬರ್ ಬೋಟಿನಲ್ಲಿ ಅರ್ಥ್ ಎಂದರೆ ಮೈನಸ್ ವಯರೇ, ಲಾರಿಯಂತೆ ಚಾಸಿಸ್ ಇರುವುದಿಲ್ಲ. ಹತ್ತು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ ಲಗ್‌ಗಳನ್ನು ಒಂದೊಂದಾಗಿ ಮುಟ್ಟಿದರೂ ಗೊತ್ತಾಗುತ್ತದೆ, ಕೆಟ್ಟದ್ದು ಬೆಚ್ಚಗಿರುತ್ತದೆ.

ದಿನವೂ 13.1ರಲ್ಲಿ ನಿಲ್ಲುವ ಬ್ಯಾಟರಿ ಎಂದೂ ತುಂಬುವುದಿಲ್ಲ. ಅರೆಹೊಟ್ಟೆಯಲ್ಲೇ ದುಡಿದು ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಬಿಡುವುದಿಲ್ಲ. ವಯರನ್ನು ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಕತ್ತರಿಸಿ. ಒಮ್ಮೊಮ್ಮೆ ಒಂದು ಗೇಣು ಹೋಗುತ್ತದೆ, ಹೋಗಲಿ. ಸಾಧ್ಯವಾದರೆ ತವರ ಲೇಪಿಸಿದ ವಯರನ್ನೇ ಹಾಕಿಸಿ. ಲಗ್ಗನ್ನು ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿಸಿ, ಸುತ್ತಿಗೆಯಿಂದ ಜಜ್ಜಬೇಡಿ. ಮೇಲೆ ಅಂಟುಳ್ಳ ಹೀಟ್ ಶ್ರಿಂಕ್ ಸ್ಲೀವ್. ಕರಿ ಟೇಪು ಬೋಟಿಗೆ ಬೇಡವೇ ಬೇಡ ಎಂಬುದು ನನ್ನ ಹಟ. ಅದು ಉಪ್ಪುನೀರನ್ನು ಹೊರಗಿಡುವುದಿಲ್ಲ, ಒಳಗೆ ಹಿಡಿದಿಡುತ್ತದೆ.

ಇನ್ನೊಂದು ಚಾಳಿ ಬಿಡಬೇಕು. ಡೈನಮೋ ಕೆಲಸ ಮಾಡುತ್ತಿದೆಯೇ ನೋಡಲು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ವಯರ್ ಎತ್ತುವುದು. ನಾವು ಡೈನಮೋ ಎಂದು ಕರೆದರೂ ಈಗಿನದು ಆಲ್ಟರ್ನೇಟರ್. ಹಾಗೆ ಎತ್ತಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಒಳಗಿನ ಡಯೋಡ್ ಸುಟ್ಟೀತು. ಜತೆಗೆ ಬ್ಯಾಟರಿಯಿಂದ ಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು. ಎಂಜಿನ್ ರೂಮಿನ ಮುಚ್ಚಳ ತೆರೆದಿಡಿ, ಬೀಡಿ ದೂರವಿರಲಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಉಳಿದದ್ದು ಚುಟುಕಾಗಿ. 24 ವೋಲ್ಟ್ ಜೋಡಿಯಲ್ಲಿ ಹಳೆಯದಕ್ಕೆ ಹೊಸತು ಜತೆ ಮಾಡಬೇಡಿ. ಆ ಜೋಡಿಯ ಒಂದೇ ಬ್ಯಾಟರಿಯಿಂದ ವಯರ್‌ಲೆಸ್‌ಗೆ 12 ವೋಲ್ಟ್ ಎಳೆಯಬೇಡಿ, ಕನ್ವರ್ಟರ್ ಹಾಕಿಸಿ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಬೇಡ. ಸಮುದ್ರದ ನೀರು ಒಳಗೆ ಹೋದರೆ ವಿಷಾನಿಲ ಕ್ಲೋರಿನ್ ಬರುತ್ತದೆ. ನಿಷೇಧದ ಅವಧಿಯಲ್ಲಿ ಬ್ಯಾಟರಿಯನ್ನು ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ.

ಇವೆಲ್ಲ ಜುಲೈಯಲ್ಲೇ ಮುಗಿಯಲಿ. ಆಗಸ್ಟ್ 1ರ ಬೆಳಿಗ್ಗೆ ಬಂದರಿನ ಯಾವ ಇಲೆಕ್ಟ್ರಿಷಿಯನ್ನೂ ಫೋನ್ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.