ಖಾಲಿ ಬಿಟ್ಟ ಒಂದು ಕಾಲಮ್ಮು: ಚರ್ಚಾ ಪಾಠದ ಅನುಭವ

ಎರಡನೇ ಹಂತದ ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಬಂಟ್ವಾಳ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ. ವಿಷಯ ಪ್ರಥಮ ಭಾಷೆ ಕನ್ನಡ. ಚರ್ಚೆಯಲ್ಲಿ ಭಾಗವಹಿಸಿ ಕಾರಣಸಹಿತವಾಗಿ ಅಭಿಪ್ರಾಯ ಮಂಡಿಸುವುದು ಎಂದು ಪಾಠಯೋಜನೆಯಲ್ಲಿ ಕಲಿಕಾಂಶ ಬರೆದಿದ್ದೆ. ಮೊಬೈಲ್ ಬೇಕೇ ಬೇಡವೇ ಎಂಬ ವಿಷಯ ಕೊಟ್ಟರೆ ಮಕ್ಕಳು ಹಿಂದಿನ ವರ್ಷದ ಭಾಷಣವನ್ನೇ ಒಪ್ಪಿಸುತ್ತಾರೆ ಎಂಬುದು ಮೊದಲ ಹಂತದಲ್ಲೇ ಗೊತ್ತಾಗಿತ್ತು. ಹಾಗಾಗಿ ಮೊದಲು ಒಂದು ಆಟ ಆಡಿಸಿ, ಆ ಆಟದೊಳಗಿನಿಂದಲೇ ಚರ್ಚೆ ಹುಟ್ಟಿಸೋಣ ಎಂದುಕೊಂಡೆ. ಚರ್ಚೆ ಹುಟ್ಟಿತು. ಆದರೆ ನಾನು ಯೋಜಿಸಿದ್ದ ಕಡೆಯಿಂದ ಅಲ್ಲ.

ಆಟ ಯಾವುದೆಂದು ಹೇಳಬೇಕು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ‘ನಾನು ಈಗ ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಮಾಡಲು ಹೊರಟದ್ದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ತಾಳಮದ್ದಳೆಯಲ್ಲಿ ಪ್ರಸಂಗ ಗೊತ್ತಿರುತ್ತದೆ, ಮಾತು ಮಾತ್ರ ಆಗಿಂದಾಗಲೇ ಹುಟ್ಟುತ್ತದೆ. ಇಲ್ಲಿ ಪ್ರಸಂಗವೂ ಆಗಿಂದಾಗಲೇ ಹುಟ್ಟುತ್ತದೆ ಎಂದೆ, ಅಷ್ಟು ಸಾಕಾಯಿತು. ನೇತ್ರಾವತಿಯಂಥ ಒಂದು ಹೊಳೆ, ಕಾರಿಂಜದಂಥ ಒಂದು ಕಲ್ಲಿನ ಬೆಟ್ಟ, ಅದರ ಗುಹೆಯಲ್ಲಿ ಕಳೆದುಹೋದ ಒಂದು ಗಂಟೆ ಎಂದು ಕಥೆ ಕಟ್ಟಿದೆ. ಪಾತ್ರದ ವಿವರ ತುಂಬಲು ಪ್ರತಿ ಮಗುವಿಗೂ ಒಂದು ಹಾಳೆ, ಎದುರಾಳಿಗಳಿಗೆ ರಟ್ಟಿನ ಚೀಟಿಗಳು.

ಹಾಳೆಯ ಮೊದಲ ಸಾಲು ಹೆಸರು. ಎರಡನೆಯದು ಜಾತಿ.

ಇಂಗ್ಲಿಷ್ ಆಟದಲ್ಲಿ ಎಲ್ಫ್, ಕುಬ್ಜ, ಮನುಷ್ಯ ಮುಂತಾದ ಬಗೆಗಳಿಗೆ ‘ರೇಸ್’ ಎಂಬ ಪದವಿತ್ತು. ರಾತ್ರಿ ಹತ್ತು ಗಂಟೆಗೆ ಕೂತು ಅನುವಾದಿಸುವಾಗ ನಿಘಂಟು ತೆರೆದೆ, ಜನಾಂಗ, ಕುಲ, ಜಾತಿ ಎಂದಿತ್ತು, ಚಿಕ್ಕ ಪದವೆಂದು ಜಾತಿಯನ್ನು ಆರಿಸಿದೆ. ಪಕ್ಷಿಜಾತಿ, ಮರದ ಜಾತಿ ಎನ್ನುವುದಿಲ್ಲವೇ, ಹಾಗೆ. ಹಾಳೆಗಳನ್ನು ಹಂಚಿ ಐದು ನಿಮಿಷ ಕೊಟ್ಟು ತಿರುಗಿ ತೆಗೆದುಕೊಂಡೆ. ಹೆಚ್ಚಿನವರು ಎಲ್ಫ್, ಕುಬ್ಜ ಎಂದು ಬರೆದಿದ್ದರು. ಕೆಲವರು ಶಾಲೆಯ ದಾಖಲಾತಿ ಫಾರಮ್ಮಿನಲ್ಲಿ ತುಂಬುವಂತೆ ತಮ್ಮ ನಿಜವಾದ ಜಾತಿಯನ್ನೇ ಬರೆದಿದ್ದರು. ಒಂದು ಹಾಳೆಯಲ್ಲಿ ಏನೋ ಬರೆದು ರಬ್ಬರಿನಲ್ಲಿ ಉಜ್ಜಿ ಅಳಿಸಿದ ಗುರುತಿತ್ತು, ಕಾಗದ ಅಲ್ಲಿ ತೆಳುವಾಗಿತ್ತು. ಇನ್ನೊಬ್ಬಳು ಉಳಿದೆಲ್ಲವನ್ನೂ ಚಂದದ ಅಕ್ಷರದಲ್ಲಿ ತುಂಬಿ ಆ ಒಂದು ಕಾಲಮ್ಮನ್ನು ಖಾಲಿ ಬಿಟ್ಟಿದ್ದಳು.

ಅಷ್ಟರಲ್ಲಿ ಎರಡನೇ ತಪ್ಪೂ ಹೊರಬಂತು. ಎದುರಾಳಿಗಳ ಚೀಟಿಯಲ್ಲಿ ನಾನು ಬರೆದಿದ್ದ ಮೂರು ಹೆಸರು ರಾಕ್ಷಸ, ಭೂತ, ಜಿನ್. ‘ಭೂತವನ್ನು ಕೊಂದರೆ 10 ಅಂಕ’ ಎಂದಿದ್ದ ಚೀಟಿಯನ್ನು ತೆಗೆದ ಹುಡುಗ ಅದನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. ‘ಟೀಚರ್, ಇದು ನಾನು ಆಡುವುದಿಲ್ಲ’ ಎಂದ. ಯಾಕೆಂದು ಕೇಳಿದೆ. ‘ನಿನ್ನೆ ನಮ್ಮ ಕುಟುಂಬದ ಮನೆಯಲ್ಲಿ ನೇಮ ಇತ್ತು’ ಎಂದನಷ್ಟೆ. ನೇಮದ ತಿಂಗಳಲ್ಲಿ ಬೆಳಗ್ಗಿನ ಮೊದಲ ಪಿರಿಯಡ್ಡಿನಲ್ಲಿ ಅರ್ಧ ತರಗತಿ ತೂಕಡಿಸುವುದನ್ನು ದಿನಾ ನೋಡುತ್ತಿದ್ದವಳು ನಾನೇ. ಆದರೂ ಹೊಳೆದಿರಲಿಲ್ಲ.

ಗಂಟೆ ಬಾರಿಸಿತು. ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ‘ಚರ್ಚೆಯ ವಿಷಯ ತರಗತಿಯಲ್ಲೇ ಇದೆ, ನಾಳೆ ಅದನ್ನೇ ಎತ್ತಿಕೊಳ್ಳಿ.’

ಮರುದಿನದ ಪಾಠವನ್ನು ಮೊದಲು ಪರ ಮತ್ತು ವಿರೋಧ ಎಂದು ಎರಡು ಗುಂಪು ಮಾಡಿ ಯೋಜಿಸಿದ್ದೆ. ಸಹಪಾಠಿಯೊಬ್ಬರು ಅದನ್ನು ನೋಡಿ, ಮನೆಯಲ್ಲಿ ದೈವವಿರುವ ಮಗು ವಿರೋಧ ಗುಂಪಿಗೆ ಬಿದ್ದರೆ ಏನು ಮಾಡುತ್ತೀ ಎಂದು ಕೇಳಿದರು. ಚೀಟಿ ಎತ್ತಿಸಿ ಪಕ್ಷ ಕೊಡುವ ಪದ್ಧತಿ ವಾಕ್‌ಸ್ಪರ್ಧೆಗೆ ಸರಿಯಿರಬಹುದು, ಇಲ್ಲಿ ಸರಿಯಲ್ಲ ಅನಿಸಿತು. ಗುಂಪುಗಳನ್ನು ಕೈಬಿಟ್ಟು ಕರಿಹಲಗೆಯ ಮೇಲೆ ಪದಗಳನ್ನು ಮಾತ್ರ ಬರೆದೆ. ನಿಯಮ ಒಂದೇ: ಒಂದು ಪದ ಬೇಡ ಎನ್ನುವವರು ಬದಲಿ ಪದ ಸೂಚಿಸಬೇಕು, ಸೂಚಿಸಿದ ಪದದಿಂದ ಕಳೆದುಹೋಗುವುದೇನೆಂದೂ ತಾವೇ ಹೇಳಬೇಕು. ಯಾರ ಮನೆಯಲ್ಲಿ ಏನಿದೆ ಎಂದು ನಾನು ಕೇಳುವುದಿಲ್ಲ ಎಂದೂ ಹೇಳಿದೆ. ಹೇಳುವುದಿದ್ದರೆ ಅವರೇ ಹೇಳಲಿ.

ಭೂತ ಎಂಬ ಪದದ ಮೇಲೆಯೇ ಇಪ್ಪತ್ತು ನಿಮಿಷ ಹೋಯಿತು. ‘ದೈವ ಅನ್ನಬೇಕು, ಭೂತ ಅಂದರೆ ದೆವ್ವ ಅಂತ ಹೊರಗಿನವರು ತಿಳಿದುಕೊಳ್ಳುತ್ತಾರೆ’ ಎಂದಳು ಒಬ್ಬಳು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಬೆಂಗಳೂರಿನ ನೆಂಟರು ಕೇಳಿದ ಪ್ರಶ್ನೆಗಳನ್ನು ಅವಳು ಉದಾಹರಣೆಗೆ ಕೊಟ್ಟಳು. ಅದಕ್ಕೆ ಹಿಂದಿನ ಬೆಂಚಿನಿಂದ ಉತ್ತರ ಬಂತು: ‘ನಮ್ಮ ಅಜ್ಜಿ ಭೂತ ಅಂತಲೇ ಹೇಳುವುದು. ಹೇಳುವಾಗ ಕೈ ಮುಗಿಯುತ್ತಾರೆ.’ ಇದಕ್ಕೆ ಯಾರಲ್ಲೂ ಕೂಡಲೇ ಎದುರು ಮಾತಿರಲಿಲ್ಲ.

ಇಲ್ಲಿ ಶಿಕ್ಷಕಿಯಾಗಿ ನಾನು ಸ್ವಲ್ಪ ಸೇರಿಸಬೇಕಾಯಿತು. ಸಂಸ್ಕೃತದ ಭೂತಕ್ಕೆ ‘ಆದದ್ದು, ಇರುವುದು’ ಎಂಬ ಅರ್ಥ. ಪಂಚಭೂತ, ಭೂತಕಾಲ ಎಂಬಲ್ಲಿ ಹೆದರಿಕೆಯಿಲ್ಲ. ಎ. ಸಿ. ಬರ್ನೆಲ್ ಸಂಗ್ರಹಿಸಿದ ತುಳು ಪಾಡ್ದನಗಳು ಅವರು ತೀರಿಕೊಂಡ ಮೇಲೆ, 1894ರಿಂದ, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದವು. ಆ ಲೇಖನಮಾಲೆಗೆ ಕೊಟ್ಟ ಹೆಸರು ‘ದಿ ಡೆವಿಲ್ ವರ್ಶಿಪ್ ಆಫ್ ದಿ ತುಳುವಾಸ್’. ತುಳುವರ ಪಾಡ್ದನಗಳನ್ನು ಅಷ್ಟು ಶ್ರಮಪಟ್ಟು ಉಳಿಸಿಕೊಟ್ಟ ಬರಹದ ತಲೆಯ ಮೇಲೇ ಡೆವಿಲ್ ಕೂತಿದೆ. ಇತ್ತ ಡಾ. ಕೆ. ಚಿನ್ನಪ್ಪ ಗೌಡರು ತಮ್ಮ ಅಧ್ಯಯನ ಗ್ರಂಥಕ್ಕೆ ‘ಭೂತಾರಾಧನೆ’ ಎಂದೇ ಹೆಸರಿಟ್ಟರು, ಅದರಲ್ಲಿ ಕೀಳುಭಾವನೆ ಇಲ್ಲ. ಇವೆರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಬರೆದೆ.

ಹಾಗಾದರೆ ಚೀಟಿಯಲ್ಲಿ ಭೂತ ಅಳಿಸಿ ದೈವ ಎಂದು ಬರೆದರೆ ಆಯಿತೇ ಎಂದು ಕೇಳಿದೆ. ‘ದೈವವನ್ನು ಕೊಂದರೆ 10 ಅಂಕ’ ಎಂದು ಒಬ್ಬ ಗಟ್ಟಿಯಾಗಿ ಓದಿದ. ತರಗತಿ ನಕ್ಕಿತು, ಆಮೇಲೆ ಸುಮ್ಮನಾಯಿತು. ಚೀಟಿ ಬೋರಲು ಇಟ್ಟಿದ್ದ ಹುಡುಗ ಆಗ ಎದ್ದು ನಿಂತು, ‘ಪದ ಅಲ್ಲ ಟೀಚರ್, ಕೊಲ್ಲುವುದು’ ಎಂದ.

ಆ ಮಾತಿಗೆ ಹೊಂದುವ ಒಂದು ಚರಿತ್ರೆ ಮೂಲ ಆಟದಲ್ಲೇ ಇದೆ. 1980ರ ದಶಕದಲ್ಲಿ ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು, ಪೋಷಕರು ಈ ಆಟ ಮಕ್ಕಳನ್ನು ಸೈತಾನನ ಕಡೆ ಒಯ್ಯುತ್ತದೆ ಎಂದು ಗಲಾಟೆ ಎಬ್ಬಿಸಿದರು. 1989ರ ಎರಡನೇ ಆವೃತ್ತಿಯಲ್ಲಿ ಪ್ರಕಾಶಕರು ಡೀಮನ್, ಡೆವಿಲ್ ಎಂಬ ಪದಗಳನ್ನು ತೆಗೆದರು. ಮುಂದೆ ಅವೇ ಜೀವಿಗಳು ಟನಾರಿ, ಬಾಟೆಝು ಎಂಬ ಕಟ್ಟಿದ ಹೆಸರುಗಳಲ್ಲಿ ಬಂದವು, ಕೊಲ್ಲುವ ನಿಯಮ ಹಾಗೇ ಇತ್ತು. 2000ದ ಮೂರನೇ ಆವೃತ್ತಿಯಲ್ಲಿ ಹಳೆಯ ಹೆಸರುಗಳು ಮರಳಿದವು. ನಮ್ಮ ರಾಕ್ಷಸನೂ ಆ ಆಟದಲ್ಲಿದ್ದಾನೆ, ಹುಲಿಯ ತಲೆ, ಅಂಗೈ ಹಿಂದುಮುಂದಾದ ಕೈಗಳೊಂದಿಗೆ. ಮಕ್ಕಳಿಗೆ ಇದರಿಂದ ಬೇಸರವೇನೂ ಆಗಲಿಲ್ಲ, ಯಕ್ಷಗಾನದ ಬಣ್ಣದ ವೇಷಕ್ಕೆ ಇದು ಸಾಟಿಯಲ್ಲ ಎಂದರಷ್ಟೆ. ದೀಪಾವಳಿಗೆ ನಾವು ಬಲೀಂದ್ರನನ್ನು ಕರೆಯುತ್ತೇವಲ್ಲ, ಅವನೂ ಅಸುರನೇ ಎಂದು ಒಬ್ಬಳು ನೆನಪಿಸಿದಳು.

ಕಿಟಕಿಯ ಪಕ್ಕ ಕೂತಿದ್ದ ಬ್ಯಾರಿ ಹುಡುಗ ಅಲ್ಲಿಯವರೆಗೆ ಮಾತಾಡಿರಲಿಲ್ಲ. ‘ಜಿನ್ ಕೂಡ ಚೀಟಿಯಲ್ಲಿತ್ತು. ಜಿನ್ನುಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಅದನ್ನು ಯಾರೂ ಕೇಳಲಿಲ್ಲ’ ಎಂದ. ನಾನೂ ಕೇಳಿರಲಿಲ್ಲ. ಭೂತದ ಚೀಟಿಯಲ್ಲಿ ತಪ್ಪಾಯಿತೆಂದು ಹಿಂದಿನ ರಾತ್ರಿಯಿಡೀ ಯೋಚಿಸಿದವಳಿಗೆ ಅದೇ ಕಟ್ಟಿನಲ್ಲಿದ್ದ ಮೂರನೇ ಚೀಟಿ ಕಣ್ಣಿಗೆ ಬಿದ್ದಿರಲಿಲ್ಲ. ಗದ್ದಲ ಮಾಡಿದವರ ಪದ ಮಾತ್ರ ಸೂಕ್ಷ್ಮ ಎಂದು ನಾವು ಎಷ್ಟು ಬೇಗ ಅಂದುಕೊಂಡುಬಿಡುತ್ತೇವೆ!

ಜಾತಿಯ ಕಾಲಮ್ಮಿಗೆ ಉಳಿದದ್ದು ಹತ್ತೇ ನಿಮಿಷ. ಮೂಲ ಆಟದವರೂ ಇದೇ ಪದದಲ್ಲಿ ಸಿಕ್ಕಿಕೊಂಡಿದ್ದರು ಎಂದು ಹೇಳಿದೆ. ಇಂಥದೇ ಇನ್ನೊಂದು ಆಟವಾದ ಪಾತ್‌ಫೈಂಡರ್ 2019ರಲ್ಲಿ ‘ರೇಸ್’ ಬಿಟ್ಟು ಪೂರ್ವಜಪರಂಪರೆ ಎಂಬರ್ಥದ ಪದ ಬಳಸಿತು. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಪ್ರಕಾಶಕರು 2022ರ ಡಿಸೆಂಬರಿನಲ್ಲಿ ಬದಲಾವಣೆ ಘೋಷಿಸಿ, 2024ರ ಆಟಗಾರರ ಕೈಪಿಡಿಯಲ್ಲಿ ‘ಸ್ಪೀಷೀಸ್’ ಎಂದು ಅಚ್ಚು ಹಾಕಿದರು. ವಿಜ್ಞಾನದ ಪಾಠದಲ್ಲಿರುವ ಪ್ರಭೇದ ಎಂಬ ಪದ ಸರಿಹೋಗುತ್ತದೆ ಎಂದ ಒಬ್ಬ. ಎಲ್ಫ್ ಮತ್ತು ಮನುಷ್ಯರಿಗೆ ಮಕ್ಕಳಾಗುವ ಕಥೆಗಳಿವೆಯಲ್ಲ, ಹಾಗಿದ್ದರೆ ಬೇರೆ ಪ್ರಭೇದ ಹೇಗಾಗುತ್ತದೆ ಎಂದು ಮತ್ತೊಬ್ಬ ಕೇಳಿದ. ಆ ಅರೆ ಎಲ್ಫ್ 2024ರ ಕೈಪಿಡಿಯಲ್ಲಿ ಇಲ್ಲ. ಕುಲ ಎಂದರೆ ಮತ್ತೆ ಅದೇ ಆಯಿತು ಎಂದು ತಾವೇ ಬಿಟ್ಟರು. ತುಳುವಿನ ‘ಬರಿ’ ಎಂದು ಯಾರೋ ಅಂದಾಗ, ಅದು ಮದುವೆಗೆ ಕೇಳುವುದು ಎಂದು ಹುಡುಗಿಯರ ಕಡೆ ನಗು. ಕೊನೆಗೆ ಬಂದ ಸೂಚನೆ ‘ಊರು’. ನನಗೆ ತುಂಬ ಇಷ್ಟವಾಯಿತು, ಬರೆಯಲು ಹಲಗೆಯ ಕಡೆ ತಿರುಗಿದೆ.

‘ಊರು ಕೇಳುತ್ತಾರೆ, ಆಮೇಲೆ ಮನೆ ಹೆಸರು ಕೇಳುತ್ತಾರೆ, ಆಮೇಲೆ ಗೊತ್ತು ಮಾಡಿಕೊಳ್ಳುತ್ತಾರೆ.’ ಹೇಳಿದವಳು ಮೊದಲ ದಿನ ಕಾಲಮ್ಮನ್ನು ಖಾಲಿ ಬಿಟ್ಟಿದ್ದವಳು. ಸೀಮೆಸುಣ್ಣ ಹಿಡಿದು ನಿಂತ ನನ್ನನ್ನು ನೋಡಿ ಅವಳೇ ಮುಂದುವರಿಸಿದಳು: ‘ಆ ಕಾಲಮ್ಮು ಇಲ್ಲದಿದ್ದರೆ ಆಟ ನಡೆಯುವುದಿಲ್ಲವಾ ಟೀಚರ್?’

ಇದು ನನ್ನ ಪಾಠಯೋಜನೆಯ ಯಾವ ಹಂತದಲ್ಲೂ ಇರಲಿಲ್ಲ. ಬದಲಿ ಪದ ಕೊಡಲೇಬೇಕು ಎಂಬ ನನ್ನ ನಿಯಮವನ್ನೂ ಅವಳು ಮುರಿದಿದ್ದಳು. ನೋಡೋಣ ಎಂದೆ.

ಮುಂದಿನ ವಾರದ ಹಾಳೆಯಲ್ಲಿ ಇದ್ದದ್ದು ಎರಡೇ ಸಾಲು: ಹೆಸರು, ಏನು ಮಾಡಬಲ್ಲರು. ಕುಬ್ಜನೇ ಆಗಬೇಕೆಂದು ಹಟ ಹಿಡಿದ ಒಬ್ಬ ಅದನ್ನು ಹೆಸರಿನ ಪಕ್ಕ ತಾನೇ ಬರೆದುಕೊಂಡ, ಯಾರೂ ತಡೆಯಲಿಲ್ಲ. ಭೂತದ ಚೀಟಿಯನ್ನು ಹೆಸರು ಬದಲಿಸದೆ ಕಟ್ಟಿನಿಂದಲೇ ತೆಗೆದೆ. ದೈವವನ್ನು ಯಾವ ಹೆಸರಿನಲ್ಲೂ ಆಟಕ್ಕೆ ತರುವುದು ಬೇಡ ಎಂದು ಆ ಹುಡುಗನ ಮನೆಯ ಹಿರಿಯರು ಹೇಳಿದ್ದಾಗಿ ಅವನು ತಿಳಿಸಿದ್ದ. ಜಿನ್ನಿನ ಚೀಟಿಯನ್ನು ಏನು ಮಾಡಬೇಕೆಂದು ಕಿಟಕಿಯ ಪಕ್ಕದ ಹುಡುಗನನ್ನು ಕೇಳಿದೆ. ಅವನು ಅದನ್ನು ಮನೆಗೆ ಒಯ್ದು ಮರುದಿನ ತಂದುಕೊಟ್ಟ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ: ‘ಮೊದಲು ಮಾತಾಡಿಸಿ.’